ಬರಿಗಾಲಿಗೆ ಹೊಡೆಯುವ ಕಂಪ್ಯೂಟರು

ಈಗಲೂ ಯಾವುದಾದರೂ ಕಚೇರಿಯ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ಕಂಡರೆ ನನಗೆ ಮೈ ಉರಿಯುತ್ತದೆ. ದೇವಸ್ಥಾನಕ್ಕೆ ಬಿಡುತ್ತೇನೆ, ಅಡುಗೆಮನೆಗೆ ಬಿಡುತ್ತೇನೆ, ಬೇರೆಯವರ ಮನೆಗೆ ಹೋದರೆ ಅವರು ಪರವಾಗಿಲ್ಲ ಎಂದರೂ ಬಿಡುತ್ತೇನೆ. ಮೊನ್ನೆ ಕಣ್ಣಿನ ಆಸ್ಪತ್ರೆಯಲ್ಲಿ, ಯಾವುದೋ ಯಂತ್ರವಿದ್ದ ಕೋಣೆಯ ಹೊರಗೆ ಆ ಬೋರ್ಡು ನೋಡಿ ನಿಂತುಬಿಟ್ಟೆ. ಅಲ್ಲಿ ಕೂತಿದ್ದ ಹುಡುಗಿ, “ಒಳಗೆ ಮಷೀನ್ ಇದೆ ಮೇಡಂ, ಧೂಳಾಗತ್ತೆ” ಎಂದಳು. “ಡಾಕ್ಟ್ರು ಶೂ ಬಿಚ್ಚಿದಾರಾ?” ಎಂದು ಕೇಳಿದೆ. ಅವಳು ಒಳಗೆ ಇಣುಕಿ ನೋಡಿ, ಮೇಜಿನ ಮೇಲಿನ ಚೀಟಿ ಜೋಡಿಸತೊಡಗಿದಳು. ನಾನೂ ಚಪ್ಪಲಿ ಬಿಡದೆ ಒಳಗೆ ಹೋದೆ. ಜೊತೆಗಿದ್ದ ಮಗಳಿಗೆ ನಾಚಿಕೆಯಾಯಿತು. “ಅಮ್ಮ, ಇಷ್ಟು ಸಣ್ಣ ವಿಷಯಕ್ಕೆ ಜಗಳ ಬೇಕಿತ್ತಾ?” ಎಂದಳು. ದಾರಿಯಲ್ಲಿ ಅವಳಿಗೆ ಹೇಳಲು ಹೊರಟೆ. ಅರ್ಧಕ್ಕೇ ಸಿಟ್ಟು ಬಂದು ಬಿಟ್ಟುಬಿಟ್ಟೆ. ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ದಾವಣಗೆರೆ ಕಡೆಯಿಂದ ರಾಜಗೋಪಾಲನಗರಕ್ಕೆ ಬಂದಿದ್ದೆ. ನನ್ನ ಗಂಡ ಕೆಲಸಕ್ಕಿದ್ದ ಕಾರ್ಖಾನೆಗೆ ಬೀಗ ಬಿದ್ದು, ಮನೆ ನನ್ನ ದುಡಿಮೆಯ ಮೇಲೆ ನಡೆಯುತ್ತಿತ್ತು. ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ತಗಡು ಕತ್ತರಿಸಿ, ಬಗ್ಗಿಸಿ, ತೂತು ಹೊಡೆದು, ದೊಡ್ಡ ಕಾರ್ಖಾನೆಗಳಿಗೆ ಪೆಟ್ಟಿಗೆಗಳನ್ನೂ ಬ್ರಾಕೆಟ್ಟುಗಳನ್ನೂ ಮಾಡಿಕೊಡುವ ಜಾಗ ಅದು. ಪವರ್ ಪ್ರೆಸ್ಸುಗಳು ಬಡಿಯಲು ಶುರುಮಾಡಿದರೆ ಲೋಟದಲ್ಲಿನ ಕಾಫಿ ಕುಣಿಯುತ್ತಿತ್ತು. ಮಾಲು ಗೇಟು ದಾಟುವ ಮೊದಲು ಅದರ ಜೊತೆ ಹೋಗಬೇಕಾದ ಚಲನ್ನು, ಬಿಲ್ಲುಗಳನ್ನು ಟೈಪು ಮಾಡಿ ಪ್ರಿಂಟು ತೆಗೆಯುವುದು ನನ್ನ ಕೆಲಸ.

ಕಂಪ್ಯೂಟರು ಆಗಲೇ ಮುದಿಯಾಗಿತ್ತು. ಯಾವುದೋ ದೊಡ್ಡ ಕಂಪನಿಯವರು ಹೊಸದು ತಂದುಕೊಂಡು ಹಳೆಯದನ್ನು ಸಾಗಹಾಕಿದಾಗ ನಮ್ಮ ಮಾಲೀಕರು, ಅವರೂ ದಾವಣಗೆರೆ ಕಡೆಯವರೇ, ಹೊತ್ತು ತಂದಿದ್ದರು. ಅಗಲವಾದ ತಗಡಿನ ಪೆಟ್ಟಿಗೆ, ಅದರ ಮೇಲೆ ಹಸಿರು ಅಕ್ಷರದ ಪರದೆ, ಕೈಯಲ್ಲಿ ಹಿಡಿದರೆ ಬಾಗುವ ದೊಡ್ಡ ಫ್ಲಾಪಿಗಳು, ಪೆಟ್ಟಿಗೆಯ ಬಲ ಪಕ್ಕದಲ್ಲಿ ಹೆಬ್ಬೆರಳಿನ ಗಾತ್ರದ ಕೆಂಪು ಸ್ವಿಚ್ಚು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಬಣ್ಣದ ಪರದೆಯವು ಬಂದಿದ್ದವು. ಮಾಲೀಕರಿಗೆ ಮಾತ್ರ ಇದೇ ಪಂಚಪ್ರಾಣ. ಗಿರಾಕಿಗಳು ಬಂದರೆ ಮೊದಲು ಕ್ಯಾಬಿನ್ನಿಗೆ ಕರೆದುಕೊಂಡು ಬಂದು ಇದನ್ನು ತೋರಿಸಿಯೇ ಮುಂದಿನ ಮಾತು.

ಕ್ಯಾಬಿನ್ ಎಂದರೆ ಶೆಡ್ಡಿನ ಮೂಲೆಯಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಗಾಜು ಹಾಕಿ ಕಟ್ಟಿಸಿದ ಪುಟ್ಟ ಕೋಣೆ. ಅದಕ್ಕೊಂದು ಎಸಿ. ಇಡೀ ಶೆಡ್ಡಿಗೆ ಅದೊಂದೇ ಎಸಿ, ಅದೂ ಕಂಪ್ಯೂಟರಿಗೆ. ನಾನು ಊಟಕ್ಕೆ ಎದ್ದು ಹೋದರೂ ಅದು ಓಡುತ್ತಿತ್ತು. ಕಂಪ್ಯೂಟರು ಆಫ್ ಆದರೆ, ನಾನು ಒಳಗೇ ಕೂತು ಕಾಗದ ಜೋಡಿಸುತ್ತಿದ್ದರೂ, ಎಸಿ ನಿಲ್ಲಿಸಲು ಹೇಳುತ್ತಿದ್ದರು. ಬಾಗಿಲ ಮೇಲೆ ಆ ಬೋರ್ಡು. ಒಳಗೆ ಬರುವವರು ಚಪ್ಪಲಿ ಬಿಟ್ಟು, ಕಾಲೊರೆಸಿನ ಮೇಲೆ ಪಾದ ಉಜ್ಜಿ, ಬರಿಗಾಲಲ್ಲಿ ಬರಬೇಕು. ಕಂಪ್ಯೂಟರಿಗೆ ಧೂಳು ಆಗದು ಎಂಬುದು ಒಂದು ಕಾರಣ. ಅದು ಸರಸ್ವತಿ ಎಂಬುದು ಇನ್ನೊಂದು. ನೆಲವನ್ನು ಬೆಳಿಗ್ಗೆ, ಮಧ್ಯಾಹ್ನ ಫಿನಾಯಿಲ್ ಹಾಕಿ ಒರೆಸಬೇಕು. ಮಳೆಗಾಲದಲ್ಲಂತೂ ಆ ನೆಲ ಒಣಗಿದ್ದೇ ನಾನು ಕಾಣೆ. ಇಷ್ಟೆಲ್ಲ ಕಟ್ಟಳೆ ಮಾಡಿದ ಮಾಲೀಕರು ಮಾತ್ರ ಶೂ ಹಾಕಿಕೊಂಡೇ ಬರುತ್ತಿದ್ದರು. ಕಾರಿನಿಂದ ಇಳಿದು ಸೀದಾ ಒಳಗೆ ಬರುವ ಶೂಗೆ ಧೂಳು ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಶೆಡ್ಡಿನ ಕಬ್ಬಿಣದ ಪುಡಿಯ ಮೇಲೆಲ್ಲ ಓಡಾಡಿ ಬಂದಿರುತ್ತಿದ್ದರು. ಅದನ್ನು ಯಾರೂ ಕೇಳುವ ಹಾಗಿರಲಿಲ್ಲ.

ನೆಲ ಒರೆಸುತ್ತಿದ್ದವಳು ಆಯಮ್ಮ. ಪೀಣ್ಯ ಊರಾಗಿದ್ದಾಗಿನಿಂದ ಅಲ್ಲಿಯವಳು. ನಮ್ಮ ಶೆಡ್ಡಿನ ಹಿಂದಿನ ರಸ್ತೆಯನ್ನು ತೋರಿಸಿ, “ಇಲ್ಲಿಗಂಟ ನಮ್ಮ ಮಾವನ ರಾಗಿ ಹೊಲ ಇತ್ತು ಕಣವ್ವ” ಎಂದು ಒಮ್ಮೆ ಹೇಳಿದ್ದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಏನೂ ಇರಲಿಲ್ಲ. ಬಸ್ ನಿಲ್ದಾಣ ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದ್ದಳು.

ಕಂಪ್ಯೂಟರಿನ ಪೆಟ್ಟಿಗೆಯ ಹಿಂದುಗಡೆ ಒಂದು ತಗಡಿನ ಡಬ್ಬ ಇರುತ್ತದೆ. ಪವರ್ ಸಪ್ಲೈ ಎನ್ನುತ್ತಾರೆ. ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರು ತಡೆದುಕೊಳ್ಳುವಷ್ಟಕ್ಕೆ ಇಳಿಸಿ ಕೊಡುವುದು ಅದರ ಕೆಲಸ. ಆ ಕೆಲಸದಲ್ಲಿ ಅದಕ್ಕೆ ಕಾವೇರುತ್ತದೆ, ಅದಕ್ಕೇ ಅದರೊಳಗೆ ಅಂಗೈಯಗಲದ ಒಂದು ಫ್ಯಾನು. ನಮ್ಮ ಫ್ಯಾನು ಆ ಬೇಸಿಗೆಯಲ್ಲಿ ಗೊರಗೊರ ಎನ್ನಲು ಶುರುಮಾಡಿತು. ಆಮೇಲೆ ಬೆಳಿಗ್ಗೆ ಆನ್ ಮಾಡಿದರೆ ತಿರುಗುತ್ತಲೇ ಇರಲಿಲ್ಲ. ಜಾಲರಿಯ ಸಂದಿಯಿಂದ ಕಡ್ಡಿ ತೂರಿಸಿ ರೆಕ್ಕೆಯನ್ನು ಒಮ್ಮೆ ತಳ್ಳಿದರೆ ಗೊಣಗುತ್ತಾ ಓಡುತ್ತಿತ್ತು. ನಾನು ಹೋಗಿ ಮಾಲೀಕರಿಗೆ ಹೇಳಿದೆ. “ಸಾರ್, ಫ್ಯಾನ್ ಹೋಗ್ತಿದೆ. ಬದಲಾಯಿಸಬೇಕು.”

“ರೂಮಿಗೆ ಎಸಿ ಇದೆಯಲ್ಲಮ್ಮ. ಎಸಿ ಇರೋ ಕಡೆ ಫ್ಯಾನ್ ಯಾಕೆ?” ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ, ನಿಜವಾಗಿಯೇ ಕೇಳಿದ್ದರು. ಫ್ಯಾನು ಹೀರುವುದು ಪೆಟ್ಟಿಗೆಯೊಳಗಿನ ಬಿಸಿಯನ್ನು, ಕೋಣೆಯದನ್ನಲ್ಲ ಎಂದು ಬಿಡಿಸಿ ಹೇಳಿದೆ. ಗೋಣು ಆಡಿಸಿದರು. ನನ್ನ ಮಾತು ಅವರ ಕಿವಿಯವರೆಗೆ ಬಂದು, ಅಲ್ಲಿಂದ ವಾಪಸು ನನ್ನ ಕಡೆಗೇ ಬರುತ್ತಿದೆ ಎನಿಸಿತು. ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಫ್ಯಾನು ನಿಂತಿತು, ಮೀನು ಸುಟ್ಟಂಥ ವಾಸನೆ ಬಂತು, ಪಟ್ ಎಂದು ಒಂದು ಸದ್ದಾಗಿ ಪರದೆ ಕಪ್ಪಾಯಿತು. ಓಡಿಬಂದ ಮಾಲೀಕರು ಕೇಳಿದ ಮೊದಲ ಪ್ರಶ್ನೆ, “ಏನಮ್ಮ ಒತ್ತಿದೆ?”

ನಾನು ಒತ್ತಿದ್ದು ಊರಿಗೆಲ್ಲ ಗೊತ್ತಿರುವ ಎಂಟರ್ ಗುಂಡಿ. ಆದರೆ ಸಂಜೆಯೊಳಗೆ ಇಡೀ ಶೆಡ್ಡಿನಲ್ಲಿ, ಆಪರೇಟರಮ್ಮ ಏನೋ ತಪ್ಪು ಒತ್ತಿ ಕಂಪ್ಯೂಟರ್ ಸುಟ್ಟಳಂತೆ ಎಂದು ಸುದ್ದಿಯಾಗಿತ್ತು. ನನ್ನ ತಲೆ ಮೇಲೆ ಗೂಬೆ ಕೂರಿಸುವುದಕ್ಕೆ ಅಷ್ಟು ಬೇಗ ಆಗುತ್ತದೆ ಎಂದಾದರೆ ಫ್ಯಾನು ಬದಲಿಸುವುದಕ್ಕೆ ಯಾಕೆ ಆಗಲಿಲ್ಲ ಎಂದು ಆ ದಿನ ಬಸ್ಸಿಲ್ಲದೆ ಮನೆಗೆ ನಡೆದು ಹೋಗುತ್ತಾ ಒಬ್ಬಳೇ ಬಯ್ದುಕೊಂಡೆ.

ರಿಪೇರಿಯವನು ಸ್ಕೂಟರಿನಲ್ಲಿ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಮುಚ್ಚಳ ಜಾರಿಸಿ ತೆಗೆದ. ಒಳಗೆ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡು ಕೂತಿತ್ತು. ಚಪ್ಪಲಿ ಬಿಟ್ಟು ಬಂದ ನಮ್ಮೆಲ್ಲರ ಪಾದಗಳನ್ನು ನೋಡಿ ನಗುವುದಕ್ಕೆಂದೇ ಅಷ್ಟೂ ದಿನ ಅಲ್ಲಿ ಕೂಡಿಕೊಂಡಿದ್ದ ಹಾಗಿತ್ತು. ಅವನು ಬ್ರಷ್ಷಿನಿಂದ ಅದನ್ನು ಗುಡಿಸಿ, ಸುಟ್ಟ ಡಬ್ಬ ಬಿಚ್ಚಿ ಹೊರಗಿಟ್ಟ. ಆ ಮಾದರಿಯದು ಈಗ ಬರುವುದಿಲ್ಲ, ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಇದನ್ನು ತಂದೆ ಎಂದು ಬೇರೊಂದು ಡಬ್ಬ ತೋರಿಸಿದ. ಹೊಸದು ಗಾತ್ರದಲ್ಲಿ ಸಣ್ಣದು. ಸ್ಕ್ರೂ ತೂತುಗಳು ಕೂಡುತ್ತಿರಲಿಲ್ಲ, ಸ್ವಿಚ್ಚು ಪೆಟ್ಟಿಗೆಯ ಕಿಂಡಿಗೆ ಸರಿಯಾಗಿ ಬರುತ್ತಿರಲಿಲ್ಲ. ಮಾಲೀಕರಿಗೆ ಆಗ ಹುರುಪು ಬಂತು. ತಗಡಿನ ಕೆಲಸ ತಾನೆ, ನಮ್ಮ ಮನೆಯ ವಿದ್ಯೆ. ಶೆಡ್ಡಿನಿಂದ ಒಂದು ಪಟ್ಟಿ ಬಗ್ಗಿಸಿ ತರಿಸಿದರು, ಕಿಂಡಿಯನ್ನು ಅರದಲ್ಲಿ ಉಜ್ಜಿಸಿ ಅಗಲ ಮಾಡಿಸಿದರು. ಡಬ್ಬ ಕೂತಿತು. ಆನ್ ಮಾಡಿದಾಗ ಹೊಸ ಫ್ಯಾನು ಭರ್ರೆಂದು ತಿರುಗಿತು. ಮಾಲೀಕರು ಹಿಂದುಗಡೆ ಅಂಗೈ ಹಿಡಿದು, “ಆಹಾ, ಏನ್ ಗಾಳಿ” ಎಂದರು. ಅಲ್ಲಿಂದ ಮುಂದೆ ಅವರಿಗೆ ಕಂಪ್ಯೂಟರಿನ ಆರೋಗ್ಯ ಎಂದರೆ ಆ ಗಾಳಿ ಒಂದೇ.

ರಿಪೇರಿಯವನು ಹೊರಡುವ ಮುಂಚೆ ಗೋಡೆಯ ಪಾಯಿಂಟಿಗೆ ಟೆಸ್ಟರ್ ಹಿಡಿದು ನೋಡಿ, ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ ಎಂದ. “ಅರ್ತಿಂಗ್ ಇಲ್ಲ ಸಾರ್. ಹಾಕಿಸಿ.”

“ಹಳೇದು ಇಷ್ಟು ವರ್ಷ ನಡೀಲಿಲ್ವೇನ್ರಿ?”

“ಹಳೇದರ ಕಥೆ ಬೇರೆ. ಇದರೊಳಗೆ ಫಿಲ್ಟರ್ ಇದೆ. ಕರೆಂಟಲ್ಲಿರೋ ಕಸನೆಲ್ಲ ಅದು ಅರ್ತಿಂಗಿಗೆ ದಬ್ಬತ್ತೆ. ಅರ್ತಿಂಗೇ ಇಲ್ಲ ಅಂದ್ರೆ ಬಾಡಿ ಮೇಲೇ ನಿಲ್ಲತ್ತೆ. ಮುಟ್ಟಿದೋರಿಗೆ ಜುಮ್ ಅನ್ನತ್ತೆ.”

ಅರ್ತಿಂಗ್ ಎಂದರೆ ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಕೊಳವೆ ಹೂತು, ಅಲ್ಲಿಂದ ಒಳಗೆ ತಂತಿ ಎಳೆಯಬೇಕು. ಕ್ಯಾಬಿನ್ನಿಗೆ ಹತ್ತಿರವಿದ್ದದ್ದು ಒಂದೇ ಜಾಗ. ಅಲ್ಲಿ ಮಾಲೀಕರು ಕಾರು ನಿಲ್ಲಿಸಲು ಆಗಷ್ಟೇ ಸಿಮೆಂಟು ಹಾಕಿಸಿದ್ದರು. ಅದನ್ನು ಕಿಟಕಿಯಿಂದ ಒಮ್ಮೆ ನೋಡಿ, “ನೋಡೋಣ” ಎಂದರು. ನೋಡೋಣ ಎಂದರೆ ಏನು ಎಂದು ಸಂಬಳಕ್ಕೆ ದುಡಿದವರಿಗೆಲ್ಲ ಗೊತ್ತಿದೆ.

ಮೊದಲ ಸಲ ಹೊಡೆದಾಗ ನಾನು ಫ್ಲಾಪಿ ಹಾಕುತ್ತಿದ್ದೆ. ಮಣಿಕಟ್ಟು ಪೆಟ್ಟಿಗೆಯ ಅಂಚಿಗೆ ತಾಗಿತು, ಇರುವೆ ಸಾಲು ತೋಳಿನೊಳಗೆ ಹರಿದ ಹಾಗಾಯಿತು. ಕೈ ಕಿತ್ತುಕೊಂಡೆ. ಮತ್ತೆ ಹಿಂಗೈಯಿಂದ ಮುಟ್ಟಿದೆ, ಮತ್ತೆ ಆಯಿತು. ಕಾಲು ಎರಡನ್ನೂ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು ಮುಟ್ಟಿದೆ, ಏನೂ ಇಲ್ಲ. ಕಾಲು ನೆಲಕ್ಕಿಟ್ಟರೆ ಜುಮ್. ನೆಲ ಒರೆಸಿದ ಹೊಸದರಲ್ಲಿ ಇನ್ನೂ ಜಾಸ್ತಿ. ಸೀದಾ ಹೋಗಿ, ಹಿಂಗೈ, ಬರಿಗಾಲು, ಒದ್ದೆ ನೆಲ ಎಲ್ಲ ಸೇರಿಸಿ ಹೇಳಿದೆ.

ಮಾಲೀಕರು ಬಂದರು. ಶೂ ಟಕಟಕ ಎನ್ನಿಸುತ್ತಾ ಬಂದರು. ಅಂಗೈ ಪೂರ್ತಿ ಬಿಡಿಸಿ ಪೆಟ್ಟಿಗೆಯ ಮೇಲಿಟ್ಟು, ಎತ್ತಿ, ಇನ್ನೊಂದು ಕಡೆ ಇಟ್ಟು ನೋಡಿದರು.

“ಎಲ್ಲಮ್ಮ? ನಂಗೇನೂ ಆಗ್ತಿಲ್ಲವಲ್ಲ.”

“ನೀವು ಶೂ ಹಾಕಿದೀರ ಸಾರ್. ಬರಿಗಾಲಲ್ಲಿ ಮುಟ್ಟಿ ನೋಡಿ.”

ನಕ್ಕರು. ನಗುವ ಮಾತು ನಾನೇನೂ ಹೇಳಿರಲಿಲ್ಲ. “ಫ್ಯಾನ್ ತಿರುಗ್ತಿದೆ ತಾನೆ? ಹಂಗಿದ್ರೆ ಮಷೀನ್ ಸರಿ ಇದೆ. ನಿಂಗೆ ಸ್ವಲ್ಪ ವೀಕ್‌ನೆಸ್ ಇರಬೇಕು. ಬೆಳಿಗ್ಗೆ ರಾಗಿ ಅಂಬಲಿ ಕುಡಿ, ನೀನು ನಮ್ಮ ಕಡೆಯವಳು, ಮನೆ ಮಗಳ ಹಾಗೆ ಅಂತ ಹೇಳ್ತಿದೀನಿ” ಎಂದು ಹೊರಟುಹೋದರು.

ಮನೆ ಮಗಳಂತೆ. ಮನೆ ಮಗಳು ಕೈ ಜುಮ್ಮೆನ್ನುತ್ತದೆ ಎಂದರೆ ಅಪ್ಪ ಶೂ ಬಿಚ್ಚಿ ಮುಟ್ಟಿ ನೋಡುವುದಿಲ್ಲವೆ? ಊರಿನ ಹೆಸರು ಹೇಳಿಕೊಂಡು, ನಮ್ಮವಳು ನಮ್ಮವಳು ಎಂದು ಬಾಯಿ ಮುಚ್ಚಿಸುವವರ ಮೇಲೆ ನನಗೆ ಬರುವ ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ. ಮಾರನೆಯ ದಿನ ಶೆಡ್ಡಿನಿಂದ ಟೆಸ್ಟರ್ ಇಸಕೊಂಡು ಬಂದು, ಪೆಟ್ಟಿಗೆಗೆ ತಾಗಿಸಿ, ಅದರೊಳಗಿನ ಪುಟ್ಟ ದೀಪ ಕೆಂಪಗೆ ಉರಿಯುವುದನ್ನು ಅವರಿಗೆ ತೋರಿಸಿದೆ. “ಟೆಸ್ಟರ್ ಗೋಡೆಗೆ ಇಟ್ಟರೂ ಉರಿಯತ್ತಮ್ಮ” ಎಂದರು. ಗೋಡೆಗೆ ಇಟ್ಟು ತೋರಿಸಿದೆ, ಉರಿಯಲಿಲ್ಲ. “ಸರಿ, ನೋಡೋಣ” ಎಂದರು.

ಚಪ್ಪಲಿ ಹಾಕಿಕೊಂಡು ಕೂರುತ್ತೇನೆ ಎಂದು ಕೇಳಿದೆ. ಹೊರಗೆ ಹಾಕುವುದಲ್ಲ, ಒಳಗಿಗೇ ಎಂದು ಹೊಸ ರಬ್ಬರ್ ಚಪ್ಪಲಿ ತರುತ್ತೇನೆ, ಅದಕ್ಕೆ ಬೀದಿಯ ಧೂಳು ಸೋಕಿರುವುದಿಲ್ಲ ಎಂದೆ. ಸರಸ್ವತಿಯ ಮುಂದೆ ಚಪ್ಪಲಿ ಹಾಕಿಕೊಂಡು ಕೂರುತ್ತಾರಾ ಎಂದು ನನ್ನನ್ನೇ ಕೇಳಿದರು. ಗೋಣಿಚೀಲ ಮಡಚಿ ಕಾಲ ಕೆಳಗೆ ಹಾಕಿಕೊಂಡೆ. ಗಿರಾಕಿಗಳು ಬರುವ ಜಾಗದಲ್ಲಿ ಗೋಣಿಚೀಲವೇ ಎಂದು ತೆಗೆಸಿದರು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದಿಟ್ಟುಕೊಂಡೆ. ಅದು ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ, ಮಾಲಿನ ಜೊತೆ ಲಾರಿಗೆ ಹೋಗಿತ್ತು. ಕೊನೆಗೆ ನಾನು ಕಾಲು ಮೇಲೆತ್ತಿಕೊಂಡು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಟೈಪು ಮಾಡತೊಡಗಿದೆ. ಪ್ರಿಂಟರಿಗೆ ಕಾಗದ ಹಾಕಲು ಇಳಿದಾಗಲೆಲ್ಲ ಬೆನ್ನು ಬಿಗಿಯುತ್ತಿತ್ತು. ಈಗ ತಾಗುತ್ತದೆ, ಈಗ ತಾಗುತ್ತದೆ ಎಂದು ಇಡೀ ದಿನ ಕಾಯುವುದು ಶಾಕಿಗಿಂತ ಹೆಚ್ಚು ಸುಸ್ತು. ಮನೆಗೆ ಹೋಗಿ ಸ್ಟೀಲು ತಟ್ಟೆ ಮುಟ್ಟುವಾಗಲೂ ಬೆರಳು ಹಿಂದೆ ಸರಿಯುತ್ತಿತ್ತು. ಗಂಡ ಅದನ್ನು ನೋಡಿ, “ಬಿಟ್ಟುಬಿಡು ಆ ಕೆಲಸ” ಎಂದರು. ಬಿಟ್ಟು ಏನು ಮಾಡುವುದು ಎಂದು ಇಬ್ಬರೂ ಮಾತಾಡಲಿಲ್ಲ.

ನನ್ನ ಮಾತನ್ನು ನಂಬಿದವಳು ಆಯಮ್ಮ ಒಬ್ಬಳೇ. ಯಾಕೆಂದರೆ ಅವಳಿಗೂ ಹೊಡೆಯುತ್ತಿತ್ತು. ಪೆಟ್ಟಿಗೆಯನ್ನು ದಿನಾ ಹಸಿ ಬಟ್ಟೆಯಲ್ಲಿ ಒರೆಸಬೇಕು ಎಂದು ಮಾಲೀಕರದೇ ಅಪ್ಪಣೆ. “ಅದು ಕಚ್ತದೆ ಕಣವ್ವ. ನಾಯಿ ಅಂಗೆ ಬಾಯಿ ಆಕ್ತದೆ” ಎನ್ನುತ್ತಿದ್ದಳು. ನಾನು ಬಂದು ಆನ್ ಮಾಡುವ ಮೊದಲೇ ಒರೆಸಿಬಿಡು ಎಂದು ಹೇಳಿದ್ದೆ. ಬೆಳಗಿನದು ಹಾಗೆ ಸಾಗಿತು, ಮಧ್ಯಾಹ್ನದ್ದು ಸಾಗುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಕಂಪ್ಯೂಟರನ್ನು ಆಫ್ ಮಾಡಕೂಡದು. ಆ ಹಳೇ ಪೆಟ್ಟಿಗೆ ಮತ್ತೆ ಎದ್ದು ಕೂರಲು ತೆಗೆದುಕೊಳ್ಳುವ ಹೊತ್ತು ದಂಡ ಎಂದು ಅವರ ಲೆಕ್ಕ.

ಇಬ್ಬರು ಹೆಂಗಸರು ಒಂದೇ ದೂರು ಹೇಳಿದರೆ ಯಾರಾದರೂ ಯಂತ್ರವನ್ನು ಅನುಮಾನಿಸುತ್ತಾರೆ. ನಮ್ಮ ಮಾಲೀಕರು ಹೆಂಗಸರನ್ನು ಅನುಮಾನಿಸಿದರು. ನನ್ನ ಮುಂದೆ ಹೇಳಲು ನಾಚಿಕೊಂಡು ಆಯಮ್ಮನ ಕೈಲಿ ಹೇಳಿ ಕಳಿಸಿದರು. ತಿಂಗಳ ಆ ದಿನಗಳಲ್ಲಿ ಕಂಪ್ಯೂಟರ್ ಮುಟ್ಟಬೇಡಿ, ಅದಕ್ಕೇ ಹಾಗಾಗುತ್ತಿರಬೇಕು ಎಂದು. ಆಯಮ್ಮ ಬಾಗಿಲಲ್ಲಿ ನಿಂತು ಅದನ್ನು ನನಗೆ ಹೇಳಿದಳು.

“ನಂಗೆ ನಿಂತೋಗಿ ಅತ್ತು ವರ್ಸಾಯ್ತು. ನಂಗ್ಯಾಕೆ ಒಡೀತದಂತೆ? ಕೇಳಾನಾ ಓಗಿ?” ಎಂದಳು.

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಎದೆಯೊಳಗೆ ಬೆಂಕಿ ಇಟ್ಟ ಹಾಗಾಯಿತು. ಗುಂಡಿ ತೋಡಿ ಒಂದು ತಂತಿ ಎಳೆಸದ ಗಂಡಸು ನನ್ನ ಮೈಯ ಲೆಕ್ಕ ಹಾಕುತ್ತಿದ್ದಾನೆ. ಬಹುವಚನ ಬಿಟ್ಟು ಅವರನ್ನು ಮನಸ್ಸಿನಲ್ಲಿ ಏಕವಚನದಲ್ಲಿ ಬಯ್ದದ್ದು ಅದೇ ಮೊದಲು. ಆಮೇಲೆ ಅಭ್ಯಾಸವಾಯಿತು.

ಮಳೆಗಾಲದ ಕೊನೆಯಲ್ಲಿ ಆಯಮ್ಮ ಬಿದ್ದಳು. ನಾನು ಹೊರಗಿನ ಮೆಟ್ಟಿಲ ಮೇಲೆ ಊಟಕ್ಕೆ ಕೂತಿದ್ದೆ. ನೆಲ ಒರೆಸಿ, ಹಿಂಡದ ಬಟ್ಟೆಯನ್ನೇ ಹಿಡಿದು ಪೆಟ್ಟಿಗೆ ಒರೆಸಲು ಹೋಗಿದ್ದಾಳೆ. ಕೈ ಕಿತ್ತುಕೊಂಡ ರಭಸಕ್ಕೆ ಹಸಿ ನೆಲದಲ್ಲಿ ಕಾಲು ಜಾರಿ, ಮೊಣಕೈ ಮೇಜಿನ ಮೂಲೆಗೆ ಬಡಿಯಿತು. ನಾನು ಓಡಿಹೋಗಿ ನೋಡಿದಾಗ ನೆಲದ ಮೇಲೆ ಕೂತು ಮೊಣಕೈ ಹಿಡಿದುಕೊಂಡು ಕಂಪ್ಯೂಟರನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹಿಂದುಗಡೆ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಮಾಲೀಕರು ಬಂದವರು, ಇಷ್ಟು ಒದ್ದೆ ಬಟ್ಟೆ ಯಾರು ಹಿಡಿಯಲು ಹೇಳಿದ್ದು ಎಂದು ಅವಳನ್ನೇ ಗದರಿದರು. ಅವಳ ಮೊಣಕೈ ಊದಿಕೊಂಡು ವಾರಗಟ್ಟಲೆ ಬಿಂದಿಗೆ ಎತ್ತಲಾಗಲಿಲ್ಲ. ಕ್ಯಾಬಿನ್ ಒರೆಸುವ ಕೆಲಸವನ್ನು ಅವಳಿಂದ ತೆಗೆದು ನನಗೆ ಕೊಟ್ಟರು.

ಆ ದಿನ ನಾನು ಅವರ ಮೇಜಿನ ಮುಂದೆ ನಿಂತು, “ಸಾರ್, ಯಾರಾದ್ರೂ ಸತ್ರೆ ಅರ್ತಿಂಗ್ ಹಾಕಿಸ್ತೀರಾ?” ಎಂದು ಕೇಳಿದೆ. ದನಿ ಎತ್ತಿರಲಿಲ್ಲ. ಹಾಗೆಲ್ಲ ಅಪಶಕುನ ಮಾತಾಡಬೇಡ, ಹಬ್ಬ ಹತ್ತಿರ ಬರುತ್ತಿದೆ ಎಂದರು.

ಹಬ್ಬ ಎಂದರೆ ಪೀಣ್ಯದಲ್ಲಿ ಆಯುಧಪೂಜೆ, ಮಿಕ್ಕದ್ದೆಲ್ಲ ಬರೀ ರಜೆ. ಹಿಂದಿನ ದಿನ ಪ್ರೆಸ್ಸುಗಳಿಗೆಲ್ಲ ಸೀಮೆಎಣ್ಣೆ ಹಾಕಿ ಉಜ್ಜಿ, ಶೆಡ್ಡನ್ನು ನೀರು ಹೊಡೆದು ತೊಳೆದಿದ್ದರು. ಬೆಳಿಗ್ಗೆ ಬಾಗಿಲಿಗೆ ಬಾಳೆಕಂದು, ಮಾವಿನೆಲೆ. ಒಂದೊಂದು ಪ್ರೆಸ್ಸಿಗೂ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವಿನ ಹಾರ. ಕೆಲಸದವರೆಲ್ಲ ಹೊಸ ಅಂಗಿ ತೊಟ್ಟು, ತಮ್ಮ ತಮ್ಮ ಮಷೀನಿನ ಪಕ್ಕ ಮದುವೆ ಗಂಡಿನ ಕಡೆಯವರ ಹಾಗೆ ನಿಂತಿದ್ದರು. ಮಾಲೀಕರು ಹೆಂಡತಿ, ಮಕ್ಕಳೊಂದಿಗೆ ಬಂದರು. ಮಡಿ ಪಂಚೆ, ಹೆಗಲ ಮೇಲೆ ವಲ್ಲಿ, ಹಣೆಯಲ್ಲಿ ವಿಭೂತಿ. ಕಾಲಲ್ಲಿ ಏನೂ ಇರಲಿಲ್ಲ. ವರ್ಷದಲ್ಲಿ ಆ ಒಂದು ದಿನ ಅವರು ಶೂ ಹಾಕುತ್ತಿರಲಿಲ್ಲ. ಅವರ ಪಾದ ನಾನು ಮೊದಲು ನೋಡಿದ್ದು ಅಂದೇ. ಬೆಳ್ಳಗೆ, ಮೆತ್ತಗೆ ಇದ್ದವು.

ಪ್ರೆಸ್ಸುಗಳ ಪೂಜೆ ಮುಗಿಸಿ ಕೊನೆಗೆ ಕ್ಯಾಬಿನ್ನಿಗೆ ಬಂದರು. ನೆಲ ಒರೆಸಿ ರಂಗೋಲಿ ಎಳೆದಿದ್ದೆ, ಅಂಚಿನಲ್ಲಿ ಇನ್ನೂ ನೀರಿತ್ತು. ಅವರು ಬರುವ ದಾರಿಯೂ ತೊಳೆದ ನೆಲ, ಪಾದದಿಂದ ನೀರು ಇಳಿಯುತ್ತಿತ್ತು. ನಾನು ಕಂಪ್ಯೂಟರ್ ಆಫ್ ಮಾಡಲು ಕೆಂಪು ಸ್ವಿಚ್ಚಿಗೆ ಕೈ ಹಾಕಿದೆ.

“ಏ, ಏ, ಹಬ್ಬದ ದಿನ ಆಫ್ ಮಾಡ್ತಾರೇನಮ್ಮ? ಉರೀತಾ ಇರಲಿ. ಶುಭ.”

“ಸಾರ್, ಹೊಡೆಯತ್ತೆ. ಕಾಲು ಒದ್ದೆ ಇದೆ ನಿಮ್ಮದು.”

“ಶುರು ಆಯ್ತಾ ನಿಂದು?” ಎಂದು ಹೆಂಡತಿಯ ಕಡೆ ನೋಡಿ ಒಂದು ನಗು ನಕ್ಕರು. ನಾನು ಪಕ್ಕಕ್ಕೆ ಸರಿದು ನಿಂತೆ. ಎಡಗೈಯಲ್ಲಿ ಪೂಜೆಯ ತಟ್ಟೆ ಹಿಡಿದು, ಬಲಗೈಯ ಮೂರು ಬೆರಳನ್ನು ನೀರಲ್ಲಿ ಕಲಸಿದ ವಿಭೂತಿಗೆ ಅದ್ದಿ, ಪೆಟ್ಟಿಗೆಯ ನೆತ್ತಿಯ ಮೇಲೆ ಇಟ್ಟು ಎಳೆದರು.

ಪಟ್ಟೆ ಅರ್ಧವೂ ಆಗಲಿಲ್ಲ. ಅಯ್ಯೋ ಎಂಬ ಒಂದು ಸದ್ದು ಬಂತು, ಅವರ ಗಂಟಲಿನದು ಎಂದು ನಂಬುವುದು ಕಷ್ಟವಾಗುವಂಥ ಸಣ್ಣ ಸದ್ದು. ತಟ್ಟೆ ಹಾರಿ, ಕುಂಕುಮ, ಅಕ್ಷತೆ, ಹೂವು, ಬಾಳೆಹಣ್ಣು ಎಲ್ಲ ರಂಗೋಲಿಯ ಮೇಲೆ ಬಿದ್ದವು. ಮಾಲೀಕರು ಹಿಂದೆ ಹಾರಿ ಗಾಜಿನ ಗೋಡೆಗೆ ಒರಗಿ ನಿಂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಅಮುಕಿಕೊಂಡು. ಮುಖದಲ್ಲಿ ರಕ್ತವಿರಲಿಲ್ಲ. ಹೆಂಡತಿ ಅವರ ತೋಳು ಉಜ್ಜತೊಡಗಿದರು. ಇಡೀ ಶೆಡ್ಡು ಗಾಜಿನಾಚೆ ನಿಂತು ನೋಡುತ್ತಿತ್ತು.

ದನಿ ಬಂದ ಮೇಲೆ ಅವರು ಆಡಿದ ಮೊದಲ ಮಾತು ನನಗೆ. “ಇಷ್ಟು ಜೋರಾಗಿ ಹೊಡೆಯತ್ತೆ ಅಂತ ಮೊದಲೇ ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ದೆ ಸಾರ್.”

“ಯಾವಾಗ ಹೇಳ್ದೆ?”

“ನೀವು ಶೂ ಹಾಕ್ಕೊಂಡು ನಿಂತಿದ್ದಾಗ.”

ಬಾಗಿಲ ಹೊರಗೆ ನಿಂತಿದ್ದ ಆಯಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ಆ ಕಡೆ ತಿರುಗಿದಳು. ಮಾಲೀಕರು ಕೆಳಗೆ ಬಿದ್ದ ತಟ್ಟೆಯನ್ನು ಎತ್ತಿಕೊಡು ಎಂದು ಹೇಳುತ್ತಾರೆ, ಹೇಳಿದರೆ ಎತ್ತುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡು ನಿಂತಿದ್ದೆ. ಅವರು ಹೇಳಲಿಲ್ಲ. ಹೆಂಡತಿಯೇ ಬಗ್ಗಿ ಎತ್ತಿದರು.

ಹಬ್ಬ ಕಳೆದು ಶೆಡ್ಡು ತೆರೆದ ದಿನವೇ ಹಾರೆ, ಗುದ್ದಲಿ ಬಂದವು. ಕಾರು ನಿಲ್ಲಿಸುವ ಹೊಸ ಸಿಮೆಂಟನ್ನು ಒಡೆದು ಗುಂಡಿ ತೋಡಿದರು. ಇದ್ದಿಲು, ಉಪ್ಪು, ಕೊಳವೆ, ಹಸಿರು ತಂತಿ. ಇಷ್ಟು ಕಾಲ ‘ನೋಡೋಣ’ ಆಗಿದ್ದದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಅದೇ ರಿಪೇರಿಯವನನ್ನು ಕರೆಸಿ, ಪವರ್ ಸಪ್ಲೈಯನ್ನೂ ಅದರ ಫ್ಯಾನನ್ನೂ ತೆಗೆಸಿ ಮತ್ತೊಂದು ಹಾಕಿಸಿದರು. ಡಬ್ಬದ್ದು ತಪ್ಪೇನಿಲ್ಲ, ಅದನ್ನು ಯಾಕೆ ಬದಲಾಯಿಸಬೇಕು ಎಂದು ಅವನು ಕೇಳಿದ. ಪೂಜೆಯ ದಿನ ಮಾಲೀಕನಿಗೇ ಕೈ ಮಾಡಿದ್ದು ಇರಕೂಡದು ಎಂದರು. ನಮಗೆ ಕೈ ಮಾಡಿದ್ದಕ್ಕೆ ಅದರ ಮೇಲೆ ಅವರಿಗೆ ಬೇಸರವೇ ಆಗಿರಲಿಲ್ಲ. ಸಂಜೆಗೆ ಬಂದ ಗಿರಾಕಿಯೊಬ್ಬರ ಹತ್ತಿರ, ಅಪಾಯ ಇದೆ ಎಂದು ದೇವಿಯೇ ಮುನ್ಸೂಚನೆ ಕೊಟ್ಟಳು ಎಂದು ಹೇಳಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟವಳು ನಾನು, ಪಕ್ಕದಲ್ಲೇ ಕೂತು ಅವರ ಬಿಲ್ಲು ಟೈಪು ಮಾಡುತ್ತಿದ್ದೆ.

ಆದರೆ ನನಗೆ ಇಂದಿಗೂ ಆರದ ಸಿಟ್ಟು ಅದರ ಮೇಲೂ ಅಲ್ಲ. ರಿಪೇರಿಯವನು, “ಆಯ್ತು ಸಾರ್, ಈಗ ಹೊಡೆಯಲ್ಲ” ಎಂದು ಸ್ಕ್ರೂ ಬಿಗಿದು ಎದ್ದಾಗ ಮಾಲೀಕರು ನನ್ನ ಕುರ್ಚಿಯ ಮೇಲೆ ಕೂತರು. ಬಗ್ಗಿ ಶೂ ದಾರ ಬಿಚ್ಚಿದರು. ಶೂ ತೆಗೆದರು, ಕಾಲುಚೀಲ ಎಳೆದು ಮಡಚಿ ಶೂ ಒಳಗೆ ಇಟ್ಟರು. ಆಯಮ್ಮನನ್ನು ಕರೆದು, “ಇಲ್ಲಿ ಸ್ವಲ್ಪ ನೀರು ಹಾಕು” ಎಂದರು. ಹಸಿ ನೆಲದ ಮೇಲೆ ಎರಡೂ ಪಾದ ಊರಿ, ಅಂಗೈಯಿಂದಲ್ಲ, ಹಿಂಗೈಯಿಂದ, ಪೆಟ್ಟಿಗೆಯನ್ನು ಮೆಲ್ಲಗೆ ಮುಟ್ಟಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿದರು.

ಹೀಗೆ ನೋಡಬೇಕು ಎಂದು ಅವರಿಗೆ ಆವತ್ತು ಯಾರೂ ಹೇಳಿಕೊಡಲಿಲ್ಲ. ಶೂ ಬಿಚ್ಚಬೇಕೆಂದು, ನೆಲ ಒದ್ದೆಯಿರಬೇಕೆಂದು, ಹಿಂಗೈಯಿಂದ ಮುಟ್ಟಬೇಕೆಂದು, ಎಲ್ಲ ಗೊತ್ತಿತ್ತು. ನಾನು ಹೇಳಿದ್ದು ಕೇಳಿಸಿತ್ತು, ಅರ್ಥವೂ ಆಗಿತ್ತು. ಕೈ ನಮ್ಮದು ಎಂಬ ಒಂದೇ ಕಾರಣಕ್ಕೆ ಅಷ್ಟು ತಿಂಗಳು ಬಗ್ಗಿ ಒಂದು ದಾರ ಬಿಚ್ಚಲಿಲ್ಲ. ಇದನ್ನು ಸಣ್ಣ ವಿಷಯ ಎನ್ನುವ ಮಗಳಿಗೆ ನಾನು ಏನೆಂದು ಹೇಳಲಿ?

“ಈಗ ಧೈರ್ಯವಾಗಿ ಕೂತ್ಕೋಮ್ಮ” ಎಂದು ಅವರು ಕಾಲುಚೀಲ ಏರಿಸಿಕೊಳ್ಳತೊಡಗಿದರು. ನಾನು ಬಾಗಿಲ ಹೊರಗೆ ಹೋದೆ. ಬೋರ್ಡಿನ ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿ ಮೆಟ್ಟಿಕೊಂಡು, ಒಳಗೆ ಬಂದು ಅವರ ಮುಂದೆ ನಿಂತೆ. ಅವರು ಬೋರ್ಡಿನ ಕಡೆ ನೋಡಿದರು, ನನ್ನ ಕಾಲಿನ ಕಡೆ ನೋಡಿದರು. ಆಮೇಲೆ ಶೂ ದಾರ ಕಟ್ಟಿಕೊಂಡು, ಕುರ್ಚಿ ಬಿಟ್ಟು ಎದ್ದು ಹೊರಗೆ ಹೋದರು.